ಬೆನ್ನ ಮೇಲಿನ ಕೆಂಪು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಓಟ ಶುರುವಾದದ್ದು ಆರೂವರೆಗೆ ಎಂದು ನನ್ನ ಡೈರಿಯಲ್ಲಿದೆ. ಆದರೆ ನೆನಪಿನಲ್ಲಿ ಬಿಸಿಲು ಆಗಲೇ ಚುರುಗುಟ್ಟುತ್ತಿದೆ. ಚಿಕ್ಕವ್ವ ಆವತ್ತು ಹಸಿರು ಸೀರೆ ಉಟ್ಟಿದ್ದಳು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ. ಫೋಟೋದಲ್ಲಿ ಅದು ನೀಲಿ. ಇಂಥವು ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆ ಬೆಳಿಗ್ಗೆ ಆಡಿದ ಒಂದು ಮಾತು ಯಾರ ಬಾಯಿಂದ ಬಂತು ಎಂಬುದು ಮಾತ್ರ ತಪ್ಪಬಾರದು. ಅಲ್ಲಿಯೇ ನನ್ನ ನೆನಪನ್ನು ನಾನು ನಂಬಲಾರೆ.

ನಂಬದಿರುವುದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ, ಆ ಓಟಕ್ಕೆ ಮುಂಚಿನ ಒಂದು ತಿಂಗಳು, ಚಿಕ್ಕವ್ವನ ಕಥೆಯನ್ನು ನಾನು ಕಂಡಕಂಡಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಊರಿನ ಒಂದು ಮಹಿಳಾ ಸಂಘ ಕ್ಯಾನ್ಸರ್ ರೋಗಿಗಳ ನೆರವಿಗಾಗಿ ಐದು ಕಿಲೋಮೀಟರ್ ಓಟ ಇಟ್ಟುಕೊಂಡಿತ್ತು. ಓಡುವವರು ಒಬ್ಬೊಬ್ಬರೂ ತಮ್ಮ ಪರಿಚಯದವರಿಂದ ಕಿಲೋಮೀಟರಿಗೆ ಇಷ್ಟು ಎಂದು ಮಾತು ತೆಗೆದುಕೊಂಡು ಹಣ ಕೂಡಿಸಬೇಕು. ಸ್ಟಾಫ್ ರೂಮಿನಲ್ಲಿ ಮೊದಲ ಸಲ ಹೇಳಿದಾಗ ಚಿಕ್ಕವ್ವನ ಎದೆಯಲ್ಲಿ ಇದ್ದದ್ದು ಬರೀ ಗಂಟು. ಮೂರನೆಯ ಸಲಕ್ಕೆ ಅದು ನಿಂಬೆಹಣ್ಣಿನಷ್ಟಾಯಿತು. ಹೊಸದುರ್ಗದಲ್ಲಿ ಗೆಳತಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ ಕೋಳಿಮೊಟ್ಟೆಯಷ್ಟಾಗಿತ್ತು. ಗಂಟು ದೊಡ್ಡದಾದ ಹಾಗೆ ಜನ ಕೊಡುವುದೂ ದೊಡ್ಡದಾಗುತ್ತಿತ್ತು. ಡಾಕ್ಟರು ಅದರ ಗಾತ್ರವನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ಆಕರಗಳನ್ನು ಹೇಗೆ ಸಂಶಯದಿಂದ ನೋಡಬೇಕೆಂದು ಮಕ್ಕಳಿಗೆ ಕಲಿಸುವ ನಾನೇ ಹೀಗೆ ಮಾಡಿದೆ.

ಚಿಕ್ಕವ್ವ ಎಂದರೆ ನನ್ನ ಅವ್ವನ ತಂಗಿ. ಹೊಳಲ್ಕೆರೆಯಿಂದ ತಾಳ್ಯದ ಕಡೆ ಹೋಗುವ ದಾರಿಯ ಒಂದು ಊರಿಗೆ ಕೊಟ್ಟಿದ್ದರು. ಅವಳಿಗೆ ಮಕ್ಕಳಾಗಲಿಲ್ಲ. ಎರಡೆಕರೆ ಹೊಲ, ಮುಳ್ಳುಬೇಲಿಯ ರೊಪ್ಪದ ತುಂಬ ಕುರಿ. ಬೇಸಿಗೆ ರಜೆ ಬಂತೆಂದರೆ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಕುರಿ ಕಾಯುತ್ತಿದ್ದದ್ದು ಚಿಕ್ಕಪ್ಪ. ಆದರೆ ಕುರಿಗಳು ಬರುತ್ತಿದ್ದದ್ದು ಚಿಕ್ಕವ್ವನ ದನಿಗೆ. ಅವಳು ನಾಲಗೆ ಹೊರಳಿಸಿ ಒಂದು ಸದ್ದು ಮಾಡಿ "ಬಾ ಬಾ ಬಾ" ಎಂದರೆ ಸಾಕು, ಹುಲ್ಲು ಬಿಟ್ಟು ಬಂದು ಅವಳ ಸೀರೆ ಮೂಸುತ್ತಿದ್ದವು.

ಅದರಿಂದಲೇ ಅವಳಿಗೆ ಒಂದು ಕೆಲಸ ಕಾಯಂ ಆಗಿತ್ತು. ಹಿರಿಯೂರಿನಿಂದ ಕುರಿ ವ್ಯಾಪಾರಿ ಬರುತ್ತಿದ್ದ. ಅವನು ಬೇಲಿಯ ಹೊರಗೆ ನಿಂತೇ ಇದು, ಅದು, ಆ ಟಗರು ಎಂದು ಕಣ್ಣಲ್ಲಿ ಆರಿಸುತ್ತಿದ್ದ. ಅವನೇ ಒಳಗೆ ನುಗ್ಗಿ ಹಿಡಿಯ ಹೋದರೆ ಹಿಂಡೆಲ್ಲ ಬೆದರಿ ಒಂದರ ಮೇಲೊಂದು ಬೀಳುತ್ತದೆ, ಗಬ್ಬದ ಕುರಿಗಳು ದಿನ ತುಂಬುವ ಮುಂಚೆಯೇ ಕಂದು ಹಾಕುತ್ತವೆ. ಹಾಗಾಗಿ ಚಿಕ್ಕವ್ವ ಕರೆಯಬೇಕು. ನಗುನಗುತ್ತಾ ಕರೆಯಬೇಕು, ದನಿ ಬದಲಾದರೆ ಅವಕ್ಕೆ ಗೊತ್ತಾಗುತ್ತದೆ. ಬಂದ ಕುರಿಯ ಕುತ್ತಿಗೆಯನ್ನು ಅವಳು ತಬ್ಬಿ ಹಿಡಿದಾಗ ವ್ಯಾಪಾರಿ ಅಂಗೈಯನ್ನು ಕೆಂಪು ಬಣ್ಣದಲ್ಲಿ ಅದ್ದಿ ಅದರ ಬೆನ್ನ ಮೇಲೆ ಒತ್ತುತ್ತಿದ್ದ. ಬಣ್ಣ ಬಿದ್ದ ಕುರಿ ಮತ್ತೆ ಹಿಂಡಿಗೆ ಸೇರುವಂತಿಲ್ಲ. ಗಾಡಿ ಬರುವ ತನಕ ಪಕ್ಕದಲ್ಲಿ ಬೇರೆ ಕಟ್ಟುತ್ತಿದ್ದರು. ನೀರು ಇಡುತ್ತಿದ್ದರು, ಮೇವು ಹಾಕುತ್ತಿರಲಿಲ್ಲ. ಮಾರಾಟವಾದ ಕುರಿಗೆ ಮೇವು ಯಾಕೆ ಎಂಬುದು ಆ ಮನೆಯಲ್ಲಿ ಯಾರೂ ಕೇಳದೆ ತಿಳಿದಿದ್ದ ಲೆಕ್ಕ. ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದವಳು ನಾನು. ಕೈಗೆ ಅಂಟಿದ್ದು ನಾಲ್ಕು ದಿನ ಹೋಗುತ್ತಿರಲಿಲ್ಲ. ಅದನ್ನು ಮದರಂಗಿ ಎಂದು ಗೆಳತಿಯರಿಗೆ ತೋರಿಸುತ್ತಿದ್ದೆ.

ಚಿಕ್ಕವ್ವನಿಗೆ ಕಾಯಿಲೆ ಬಂದ ಮೇಲೆ ವ್ಯಾಪಾರಿ ಬರುವುದು ಹೆಚ್ಚಾಯಿತು. ಆಪರೇಷನ್‌ಗೆ ಒಂದು ಸಲ ಬಂದ. ಆಮೇಲೆ ಪ್ರತಿ ಬಾಟ್ಲಿಗೂ ಬಂದ. ಕೀಮೋವನ್ನು ಮನೆಯಲ್ಲಿ ಬಾಟ್ಲಿ ಎಂದೇ ಕರೆಯುತ್ತಿದ್ದರು. ತನ್ನ ಬಾಟ್ಲಿಗೆ ಬೇಕಾದ ಕುರಿಗಳನ್ನು ಚಿಕ್ಕವ್ವ ತಾನೇ ಕರೆದು ಹಿಡಿದುಕೊಡುತ್ತಿದ್ದಳು. ಕೂದಲು ಉದುರಿದ ತಲೆಗೆ ಟವೆಲ್ ಸುತ್ತಿಕೊಂಡು ರೊಪ್ಪದ ನಡುವೆ ನಿಂತಿದ್ದ ಅವಳನ್ನು ಒಮ್ಮೆ ಕಂಡಿದ್ದೇನೆ. ಟವೆಲ್ ನೋಡಿ ಕುರಿಗಳು ಮೊದಲು ಹಿಂಜರಿದವು. ದನಿ ಕೇಳಿ ಬಂದವು.

"ನನ್ನ ತಲೆ ನೋಡಿ ಹೆದರ್ಕಂತಾವೆ ಕಣೆ," ಎಂದು ನಕ್ಕಳು. "ನಾವು ಅವನ್ನ ಬೋಳಿಸ್ತಿದ್ವಿ, ಈಗ ನನ್ನ ಬೋಳಿಸ್ಯಾರೆ."

ಇನ್ನೂ ನಾಲ್ಕು ಬಾಟ್ಲಿ ಉಳಿದಿದ್ದವು. ಡಾಕ್ಟರು ನನ್ನನ್ನೂ ಚಿಕ್ಕಪ್ಪನನ್ನೂ ಬಾಗಿಲ ಹೊರಗೆ ಕರೆದು, ಕಾಯಿಲೆ ಮೂಳೆಗೆ ಹೋಗಿದೆ, ಪೂರ್ತಿ ವಾಸಿಯಾಗುವುದಲ್ಲ, ಆದರೆ ಬಾಟ್ಲಿ ನಿಲ್ಲಿಸಬೇಡಿ, ಮುಗಿಸಿದರೆ ಇನ್ನೊಂದಷ್ಟು ಕಾಲ ಚೆನ್ನಾಗಿ ಓಡಾಡಿಕೊಂಡಿರುತ್ತಾರೆ ಎಂದಿದ್ದರು. ನಾವಿಬ್ಬರೂ ಒಳಗೆ ಹೋಗಿ, ಎಲ್ಲಾ ಕ್ಲೀನ್ ಆಗಿದೆಯಂತೆ, ಇದು ಬರೀ ತೊಳೆಯೋ ಔಷಧಿಯಂತೆ ಎಂದು ಹೇಳಿದೆವು. ನಾನು ಅವಳಿಗೆ ಎಳನೀರು ತಂದುಕೊಟ್ಟೆ.

ಆಮೇಲೆ ಅವಳೇ ತಕರಾರು ತೆಗೆದಳು. ರೊಪ್ಪದಲ್ಲಿ ಉಳಿದದ್ದು ಹದಿನೈದೋ ಹದಿನಾರೋ ಕುರಿ. ಇವನ್ನೂ ಮಾರಿ ತೊಳೆಸಿಕೊಳ್ಳುವುದು ಏನೂ ಬೇಡ, ಕ್ಲೀನ್ ಆಗಿದೆಯಲ್ಲ ಎಂದಳು. ನಾವು ಹೇಳಿದ ಸುಳ್ಳನ್ನೇ ನಮ್ಮ ಮುಂದೆ ಹಿಡಿದಳು.

ಸಂಘದ ಓಟ ಬಂದದ್ದು ಆಗ. ಕಾರ್ಯದರ್ಶಿ ಹಿರಿಯೂರಿನವರು, ಓಡಾಡಿ ಕೆಲಸ ಮಾಡುವವರು. "ಮೇಡಂ, ಬರೀ ನಾವು ಓಡಿದ್ರೆ ಯಾರು ನೋಡ್ತಾರೆ? ಕ್ಯಾನ್ಸರ್ ಗೆದ್ದ ತಾಯಂದಿರು ಒಂದ್ ಹತ್ತು ಜನ ಮುಂದೆ ನಿಂತಿರ್ಬೇಕು. ನಿಮ್ಮ ಚಿಕ್ಕಮ್ಮನ್ನ ಕರ್ಕೊಂಬನ್ನಿ, ನೆರವಿನ ಪಟ್ಟೀಲಿ ಮೊದಲ ಹೆಸರು ಅವರದೇ," ಎಂದರು. ಗೆದ್ದವರಿಗೆ ಬೇರೆ ಬಣ್ಣದ ಅಂಗಿ, ಓಡುವವರಿಗೆ ಬಿಳಿ ಎಂದು ಸಭೆಯಲ್ಲಿ ತೀರ್ಮಾನವಾಯಿತು. ಇಂಥ ಓಟಗಳಲ್ಲಿ ಕೊಡುವ ಗುಲಾಬಿ ಕೋಟೆಯ ಕಲ್ಲಿನ ಮುಂದೆ ಎದ್ದು ಕಾಣುವುದಿಲ್ಲ, ಕೆಂಪು ಇರಲಿ ಎಂದು ಯಾರೋ ಹೇಳಿದರು.

ಹೀಗೆ ಎರಡು ವರ್ಷ ನಾನು ನೆನಪಿಟ್ಟುಕೊಂಡಿದ್ದೆ. ಇದನ್ನು ಬರೆಯಲು ಕೂತಾಗ ಡೈರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರ: "ಅಂಗಿ ಕೆಂಪು. ನಾನು ಸೂಚಿಸಿದ್ದು, ಎಲ್ಲರೂ ಒಪ್ಪಿದರು." ಒಪ್ಪಿದರು ಎಂಬುದರ ಕೆಳಗೆ ಗೆರೆ ಎಳೆದಿದ್ದೇನೆ. ಖುಷಿಗೆ ಎಳೆದದ್ದಿರಬೇಕು.

ಚಿಕ್ಕವ್ವನಿಗೆ ಫೋನ್ ಮಾಡಿದೆ. ನಗುನಗುತ್ತಾ ಮಾಡಿದೆ.

"ಬಾ ಚಿಕ್ಕವ್ವ, ಒಂದ್ ಬೆಳಿಗ್ಗೆ ಅಷ್ಟೇ. ಕುಂತಿರೋದು, ಚಪ್ಪಾಳೆ ತಟ್ಟೋದು."

"ನಾನು ಬಂದ್ರೆ ಅವ್ರು ಬಾಟ್ಲಿ ಖರ್ಚು ಕೊಡ್ತಾರೇನೆ?"

"ನಾಕಕ್ಕೂ ಕೊಡ್ತಾರೆ."

"ಹಂಗಾದ್ರೆ ಕುರಿ ಉಳೀತಾವೆ ಅನ್ನು."

"ಒಂದೂ ಮಾರಂಗಿಲ್ಲ."

"ನೀನು ಕರದ್ರೆ ಬರದೇ ಇರ್ತೀನಾ," ಎಂದಳು.

ಭಾನುವಾರ ಬೆಳಿಗ್ಗೆ ಸ್ಟೇಡಿಯಂ ಹತ್ತಿರ ಶಾಮಿಯಾನ ಹಾಕಿದ್ದರು. ಮೈಕಿನವನು ಆಗಲೇ ಕೂಗುತ್ತಿದ್ದ. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ತಿರುಗುತ್ತಿದ್ದವು, ಅಷ್ಟು ಗಾಳಿ. ಚಿಕ್ಕಪ್ಪ ಮತ್ತು ಚಿಕ್ಕವ್ವ ಹಿಂದಿನ ದಿನವೇ ನಮ್ಮ ಮನೆಗೆ ಬಂದು ಉಳಿದಿದ್ದರು. ಸಂಘದ ಹೆಣ್ಣುಮಕ್ಕಳು ಗೆದ್ದವರನ್ನು ಸಾಲಾಗಿ ನಿಲ್ಲಿಸಿ ಒಂದೊಂದು ಅಂಗಿ ಕೊಟ್ಟರು. ಬೆನ್ನ ಮೇಲೆ ಏನೂ ಬರೆದಿರಲಿಲ್ಲ. ಬರೀ ಕೆಂಪು.

ಚಿಕ್ಕವ್ವ ಅದನ್ನು ಬಿಡಿಸಿ ಹಿಡಿದು ನೋಡಿದಳು. ಎದೆ ಭಾಗ ನೋಡಿದಳು, ತಿರುಗಿಸಿ ಬೆನ್ನು ನೋಡಿದಳು.

"ಬಿಳೇದು ಇಲ್ವೇನೆ?"

"ಬಿಳೇದು ಓಡೋರ್ಗೆ ಚಿಕ್ಕವ್ವ. ಕೆಂಪು ನಿಮ್ಗೆ."

"ನಮ್ಗಂದ್ರೆ ಯಾರ್ಗೆ?"

"ಗೆದ್ದೋರ್ಗೆ."

"ನಾನೆಲ್ಲಿ ಗೆದ್ದೀನೇ ಹುಚ್ಚಿ? ಇನ್ನೂ ನಾಕು ಬಾಟ್ಲಿ ಅವೆ," ಎಂದಳು. ನಂತರ ಚಿಕ್ಕಪ್ಪನ ಕಡೆ ನೋಡಿ, ಸಣ್ಣ ದನಿಯಲ್ಲಿ, "ಇದು ಬ್ಯಾಡ," ಎಂದಳು.

ನಾವಿಬ್ಬರೂ ಅವಳ ಪಕ್ಕದಲ್ಲೇ ಇದ್ದೆವು, ಅತ್ತ ಒಬ್ಬರು ಇತ್ತ ಒಬ್ಬರು. ಆಗ ನಮ್ಮಿಬ್ಬರಲ್ಲಿ ಒಬ್ಬರು ಹೇಳಿದ್ದು: "ಹಾಕ್ಕ ಸುಮ್ನೆ. ಕುರಿ ಉಳೀತಾವೆ."

ಅವಳು ಹಾಕಿಕೊಂಡಳು. ಆಪರೇಷನ್ ಆದ ಮೇಲೆ ಅವಳ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಯಾರಾದರೂ ಎತ್ತಿ ಹಿಡಿದೇ ತೋಳು ತೂರಿಸಬೇಕಿತ್ತು. ಹಾಗೇ ಮಾಡಿದೆವು. ಅವಳು ಹಲ್ಲು ಕಚ್ಚಿಕೊಂಡಳು, ಅದು ನೆನಪಿದೆ. ಆ ಹೊತ್ತಿಗೇ ಕಾರ್ಯದರ್ಶಿ ಮೊಬೈಲಿನಲ್ಲಿ ಫೋಟೋ ತೆಗೆದರು.

ಕೆಂಪು ಅಂಗಿಯವರನ್ನು ಶಾಮಿಯಾನದ ಒಂದು ಮೂಲೆಯಲ್ಲಿ ಕೂರಿಸಿದರು. ಜನ ನುಗ್ಗಿ ತೊಂದರೆ ಕೊಡಬಾರದೆಂದು ಸುತ್ತ ಹಗ್ಗ ಕಟ್ಟಿದ್ದರು. ಒಳ್ಳೆಯ ಉದ್ದೇಶದಿಂದಲೇ ಕಟ್ಟಿದ್ದು. ಎಲ್ಲರಿಗೂ ಉಪ್ಪಿಟ್ಟು ಹಂಚುತ್ತಿದ್ದರು. ಇವರಿಗೆ ಮಾತ್ರ ಬೇಡ, ಹೊರಗಿನ ಅಡುಗೆ ಒಗ್ಗದೆ ಹೋದೀತು, ಬೇರೆ ಗಂಜಿ ಬರುತ್ತದೆ, ಅಲ್ಲಿಯ ತನಕ ನೀರು ಕೊಡಿ ಎಂದು ಒಬ್ಬರು ಹೇಳಿದರು. ಈ ನೀರಿನ ವಿಷಯವನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಅಷ್ಟು ಸರಿಯಾಗಿ ಹೊಂದುವ ವಿವರಗಳ ಬಗ್ಗೆ ನನಗೆ ಅನುಮಾನ. ಹಗ್ಗ ಮಾತ್ರ ಫೋಟೋದಲ್ಲಿದೆ.

ಹೊರಡುವ ಮುಂಚೆ ಅವಳ ಹತ್ತಿರ ಹೋಗಿ, "ಇಲ್ಲೇ ಕುಂತಿರು, ಅರ್ಧ ಗಂಟೇಲಿ ಬಂದ್ಬಿಡ್ತೀನಿ," ಎಂದೆ.

"ಗಾಡಿ ಎಷ್ಟೊತ್ತಿಗೆ ಬರತೈತೆ?" ಎಂದು ಕೇಳಿದಳು.

ಆಸ್ಪತ್ರೆಯ ಗಾಡಿಯ ಬಗ್ಗೆ ಕೇಳುತ್ತಿದ್ದಾಳೆಂದುಕೊಂಡೆ. ತಪಾಸಣೆಗೆ ಬಂದು ನಿಲ್ಲುತ್ತದೆಂದು ಮೈಕಿನಲ್ಲಿ ಹೇಳಿದ್ದರು. "ಒಂಬತ್ತಕ್ಕಂತೆ," ಎಂದೆ. ಅವಳು ತಲೆಯಾಡಿಸಿದಳು.

ಓಡಿದೆ. ಅದರ ಬಗ್ಗೆ ಸುಳ್ಳು ಬರೆಯಲಾರೆ, ನನಗೆ ತುಂಬ ಸುಖವಾಯಿತು. ಕೋಟೆಯ ಬಾಗಿಲ ಕಡೆಗೆ ರಸ್ತೆ ಏರುತ್ತದೆ, ಅಲ್ಲಿ ಉಳಿದವರೆಲ್ಲ ನಡೆಯತೊಡಗಿದಾಗ ನಾನು ನಿಲ್ಲಲಿಲ್ಲ. ನನಗಿಂತ ಚಿಕ್ಕವರನ್ನು ಹಿಂದೆ ಹಾಕಿದೆ. ಅಂಗಡಿ ಬಾಗಿಲು ತೆಗೆಯುತ್ತಿದ್ದವರು ನಿಂತು ನೋಡಿದರು, ಒಬ್ಬರು "ಹೋಗ್ರೀ ಮೇಡಂ, ಹೋಗ್ರೀ," ಎಂದು ಕೂಗಿದರು. ಆ ಅರ್ಧ ಗಂಟೆಯಲ್ಲಿ ಚಿಕ್ಕವ್ವ ಒಂದು ಸಲವೂ ನೆನಪಾಗಲಿಲ್ಲ. ಹೆಂಗಸರಲ್ಲಿ ಆರನೆಯವಳಾಗಿ ಬಂದೆ. ಕೊರಳಿಗೆ ಪದಕ ಹಾಕಿದರು. ಅದನ್ನು ಅವಳಿಗೆ ಹಾಕಿ ಫೋಟೋ ತೆಗೆಸಬೇಕು, ಚೆನ್ನಾಗಿ ಬರುತ್ತದೆ ಎಂಬ ಯೋಚನೆ ಆಗ ಬಂತು.

ಹಗ್ಗದೊಳಗೆ ಅವಳ ಕುರ್ಚಿ ಖಾಲಿ ಇತ್ತು. ಅಂಗಿಯನ್ನು ಬೆನ್ನಿನ ಭಾಗ ಒಳಕ್ಕೆ ಬರುವ ಹಾಗೆ ಮಡಿಸಿ ಕುರ್ಚಿಯ ಮೇಲಿಟ್ಟಿದ್ದಳು. ಆ ಕೈಯಲ್ಲಿ ಒಬ್ಬಳೇ ಅದನ್ನು ಹೇಗೆ ಬಿಚ್ಚಿದಳೋ. ಚಿಕ್ಕಪ್ಪ ಆಚೆ ಮರದ ಕೆಳಗೆ ಎಲೆಯ ತಟ್ಟೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ.

"ಚಿಕ್ಕವ್ವ ಎಲ್ಲಿ?"

"ಅಲ್ಲೇ ಕುಂತಿರ್ಬೇಕಲ್ಲ," ಎಂದ. ಎದ್ದು ನೋಡಿದ, ಮತ್ತೆ ತಟ್ಟೆ ನೋಡಿದ. "ಹೋಗ್ಯಾಳೆ ಅನ್ಸತೈತೆ."

ಬಸ್ ಸ್ಟ್ಯಾಂಡಿನಲ್ಲಿ ಹುಡುಕಿದೆವು. ಅವಳು ಆಗಲೇ ಹೊಳಲ್ಕೆರೆ ಬಸ್ಸಿನಲ್ಲಿ ಕೂತು ಹೋಗಿಯಾಗಿತ್ತು.

ಎರಡು ದಿನ ಬಿಟ್ಟು ಊರಿಗೆ ಹೋದೆ. ಮುಂದಿನ ಬಾಟ್ಲಿಗೆ ಕರೆದುಕೊಂಡು ಹೋಗುವ ದಿನ ಹತ್ತಿರ ಬಂದಿತ್ತು. ಅವಳು ರೊಪ್ಪದ ಮುಳ್ಳುಬೇಲಿ ಸರಿಮಾಡುತ್ತಿದ್ದಳು, ಬಲಗೈ ಒಂದರಲ್ಲೇ.

"ಹೇಳದೇ ಬಂದ್ಬಿಟ್ಯಲ್ಲ ಚಿಕ್ಕವ್ವ."

"ಬಸ್ಸಿತ್ತು, ಬಂದೆ."

"ಗುರುವಾರ ಆಸ್ಪತ್ರೆಗೆ ಹೋಗಾಣ. ಸಂಘದೋರು ಖರ್ಚು ಕೊಡಾಕೆ ಒಪ್ಯಾರೆ."

"ನೀ ಹೋಗು."

"ತಮಾಷೆ ಮಾಡ್ಬ್ಯಾಡ."

ಮುಳ್ಳು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ಈ ರೊಪ್ಪದಾಗೆ ಡಬ್ಬಿ ಹಿಡ್ಕಂಡು ನಿಂತಿದ್ದೋಳು ನೀನೇ ಅಲ್ವೇನೆ? ಬಣ್ಣ ಬಿದ್ದದ್ದಕ್ಕೆ ನಾನು ಯಾವತ್ತಾದ್ರೂ ಮೇವು ಹಾಕಿದ್ದು ಕಂಡಿದ್ಯಾ?"

"ಅದು ಬರೀ ಅಂಗಿ ಚಿಕ್ಕವ್ವ."

"ಅವಕ್ಕೂ ಅದು ಬರೀ ಬಣ್ಣನೇ."

ನನಗೆ ಬಂದ ವಿದ್ಯೆಯೆಲ್ಲ ಬಳಸಿದೆ. ಔಷಧಿ ಹೇಗೆ ಕೆಲಸ ಮಾಡುತ್ತದೆ, ನಿಲ್ಲಿಸಿದರೆ ಏನಾಗುತ್ತದೆ, ಕೆಂಪು ಬಣ್ಣವನ್ನು ಫೋಟೋಗಾಗಿ ಇಟ್ಟದ್ದು ಹೇಗೆ. ಕೇಳಿಸಿಕೊಂಡಳು. ಪಾಠ ಮುಗಿದ ಮೇಲೆ ಹೇಳಿದಳು:

"ಡಾಕ್ಟ್ರು ನಿಮ್ಮಿಬ್ರನ್ನ ಆಚೆ ಕರ್ದಾಗಲೇ ನಂಗೆ ಗೊತ್ತಾತು. ನೀನು ಎಳನೀರು ತಂದೆ. ನೀನು ಯಾವತ್ತು ನಂಗೆ ಎಳನೀರು ತಂದಿದ್ದಿ? ಆದ್ರೂ ಸುಮ್ಕಿದ್ದೆ. ಇವ್ರು ಹೇಳ್ತಾರೆ, ಇವತ್ತಲ್ಲ ನಾಳೆ ಹೇಳ್ತಾರೆ ಅಂತ. ಆವತ್ತೇ 'ಚಿಕ್ಕವ್ವ, ಹಿಂಗೈತೆ' ಅಂದಿದ್ರೆ ಬಾಟ್ಲಿ ಹಾಕಿಸ್ಕಂತಿದ್ದೆ. ಸಾಯೋದಕ್ಕೇನು. ನೀವು ಬಾಯಿ ಬಿಡಲಿಲ್ಲ. ಊರ ಮುಂದೆ ಹಗ್ಗದಾಗೆ ಕುಂಡ್ರಿಸಿದ್ರಿ."

ನಾನು ಅತ್ತೆ. ಅವಳು ನನ್ನ ತಲೆ ಸವರಲಿಲ್ಲ. ಚಿಕ್ಕಂದಿನಲ್ಲಿ ಸವರುತ್ತಿದ್ದಳು.

"ಚೆನ್ನಾಗಿ ಕರದೆ ಬಿಡು," ಎಂದಳು. "ನಾನೂ ಹಂಗೇ ಕರೀತಿದ್ದೆ, ನಗ್ತಾ."

ಅವಳು ಮತ್ತೆ ಆಸ್ಪತ್ರೆಗೆ ಹೋಗಲಿಲ್ಲ. ಒಪ್ಪಿಸಲು ನಾನು ಮೂರು ಸಲ ಊರಿಗೆ ಹೋದೆ, ಅವ್ವ ಹೋಗಿ ಒಂದು ವಾರ ಇದ್ದು ಬೈದು ಬಂದಳು. ಸಂಘದವರು ಮಾತು ತಪ್ಪಲಿಲ್ಲ, ನೆರವು ಮಂಜೂರಾಗಿದೆ ಎಂದು ಪತ್ರ ಬಂತು. ಅದನ್ನು ಅವಳು ಕುರಿಗೆ ಹಾಕುವ ಹುಳುವಿನ ಔಷಧಿಯ ಬಾಟಲಿಗೆ ಬಿರಡೆ ಮಾಡಿಕೊಂಡಿದ್ದಳು. ರೊಪ್ಪದಿಂದ ಆ ವರ್ಷ ಮತ್ತೆ ಒಂದು ಕುರಿಯೂ ಹೋಗಲಿಲ್ಲ. ಅದೊಂದು ಮಾತನ್ನು ನಾನು ಉಳಿಸಿಕೊಂಡೆ. ಮರಿ ಹಾಕಿ ಹಿಂಡು ಬೆಳೆಯಿತು. ರಾಗಿ ಒಕ್ಕಣೆ ಮುಗಿದ ವಾರ ಅವಳು ತೀರಿಕೊಂಡಳು. ಕೊನೆಕೊನೆಗೆ ಬೆನ್ನುಮೂಳೆ ನೋವಿಗೆ ಮಲಗಲಾಗದೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ನೋವಿನ ಮಾತ್ರೆ ತಂದುಕೊಟ್ಟರೆ ನನ್ನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಅವ್ವ ಕೊಟ್ಟರೆ ನುಂಗುತ್ತಿದ್ದಳು.

ಈ ವರ್ಷವೂ ಓಟ ಇತ್ತು. ಸ್ಟೇಡಿಯಂ ಗೇಟಿಗೆ ದೊಡ್ಡ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಚಿಕ್ಕವ್ವ, ಕೆಂಪು ಅಂಗಿ, ಎರಡೂ ಕೈ ಮೇಲಕ್ಕೆ, ಬಾಯಿ ಬಿಗಿದ ಮುಖ. ಕೆಳಗೆ "ಗೆದ್ದವರು" ಎಂದು ಬರೆದಿತ್ತು. ಕಾರ್ಯದರ್ಶಿಯನ್ನು ಹುಡುಕಿ ಹೇಳಿದೆ, ಚಿಕ್ಕವ್ವ ತೀರಿಕೊಂಡು ವರ್ಷ ದಾಟಿತು ಎಂದು.

"ಅಯ್ಯೋ ಹೌದಾ ಮೇಡಂ, ಗೊತ್ತೇ ಆಗ್ಲಿಲ್ಲ ನೋಡಿ," ಎಂದು ಕೈ ಹಿಡಿದುಕೊಂಡರು. ನಿಜವಾಗಿಯೂ ನೊಂದುಕೊಂಡರು. ಆಮೇಲೆ, "ಪ್ರಿಂಟ್ ಆಗ್ಹೋಗಿದೆ. ಮುಖದಲ್ಲಿ ಎಷ್ಟು ಛಲ ಇದೆ ನೋಡಿ. ಇರ್ಲಿ ಬಿಡಿ," ಎಂದರು.

ಇರಲಿ ಎಂದು ಬಿಟ್ಟೆ. ಓಡಿದೆ ಕೂಡ. ಎರಡು ವರ್ಷದ ಹಿಂದಿನದಕ್ಕಿಂತ ಎರಡು ನಿಮಿಷ ಬೇಗ ಮುಗಿಸಿದೆ.

ಓಟ ಮುಗಿದ ಮೇಲೆ ಬ್ಯಾನರಿನ ಹತ್ತಿರ ಹೋಗಿ ನೋಡಿದೆ. ಗೆದ್ದು ಎತ್ತಿದ ಕೈಗಳಲ್ಲ ಅವು, ಅಂಗಿ ತೊಡಿಸುವಾಗ ಎತ್ತಿದವು. ಎಡಗೈ ತಾನಾಗಿ ಅಷ್ಟು ಮೇಲೆ ಏಳುತ್ತಿರಲಿಲ್ಲ. ಮಣಿಕಟ್ಟಿನ ಹತ್ತಿರ ಯಾರದೋ ಎರಡು ಬೆರಳು ಕಾಣುತ್ತವೆ, ಉಳಿದದ್ದನ್ನು ಕತ್ತರಿಸಿದ್ದಾರೆ. ಅಷ್ಟು ದೊಡ್ಡದು ಮಾಡಿದ ಚಿತ್ರದಲ್ಲಿ ಬೆರಳುಗಳು ಬರೀ ಚುಕ್ಕೆಗಳಾಗಿವೆ. ಗಂಡಸಿನವೋ ಹೆಂಗಸಿನವೋ ತಿಳಿಯುವುದಿಲ್ಲ. ನನ್ನ ಕೈಯನ್ನು ಪಕ್ಕದಲ್ಲಿ ಹಿಡಿದು ನೋಡಿದೆ.

ನನ್ನ ನೆನಪಿನಲ್ಲಿ ಆ ಮಾತನ್ನು ಆಡಿದ್ದು ಚಿಕ್ಕಪ್ಪ. ಅವನ ಒರಟು ದನಿ, ಅವನ ಅವಸರ, ಎಲ್ಲ ಕಿವಿಯಲ್ಲಿದೆ. ಆದರೆ ಕೆಂಪು ಬಣ್ಣವನ್ನು ಯಾರೋ ಸೂಚಿಸಿದರು ಎಂದೂ ಅಷ್ಟೇ ಖಚಿತವಾಗಿ ನನ್ನ ಕಿವಿಯಲ್ಲಿತ್ತು. ಈ ಮಾತಿಗೆ ಡೈರಿಯಿಲ್ಲ. ಆವತ್ತಿನ ಪುಟದಲ್ಲಿ ಬರೆದಿರುವುದು ಓಟ ಶುರುವಾದ ಹೊತ್ತು ಮತ್ತು ನಾನು ಓಡಿದ ಸಮಯ ಮಾತ್ರ.

ಹೋದ ವಾರ ಚಿಕ್ಕಪ್ಪನ ಊರಿಗೆ ಹೋಗಿದ್ದೆ. ಅವನು ರೊಪ್ಪದ ಬಾಗಿಲಲ್ಲಿ ನಿಂತು ಕುರಿಗಳನ್ನು ಕರೆಯುತ್ತಿದ್ದ, ಅವು ಬರುತ್ತಿರಲಿಲ್ಲ. ನಾನು ಕೇಳಿದ್ದು ಅವನಿಗೆ ಕೇಳಿಸಿತು, ಯಾಕೆಂದರೆ ಕರೆಯುವುದನ್ನು ನಿಲ್ಲಿಸಿದ. ಕೋಲು ತೆಗೆದುಕೊಂಡು ಬೇಲಿಯಾಚೆ ಹೋದ. ಬಸ್ಸಿನ ಹೊತ್ತಾಗುವ ತನಕ ಕಾದೆ, ಬರಲಿಲ್ಲ. ಆಮೇಲೆ ಎರಡು ಸಲ ಫೋನಿನಲ್ಲೂ ಅದನ್ನೇ ಕೇಳಿದೆ:

"ಚಿಕ್ಕಪ್ಪ, ಆವತ್ತು ಅವ್ಳು ಬ್ಯಾಡ ಅಂದಾಗ, 'ಹಾಕ್ಕ ಸುಮ್ನೆ' ಅಂದೋರು ಯಾರು, ನೀನಾ, ನಾನಾ?"